ಎಲುಬಿನೊಳಗಿನ ಒರತೆ

ಮುರಿದ ಎಲುಬು ಕೂಡುತ್ತದೆ, ಕೊಯ್ದ ಬೆರಳು ಮಾಯುತ್ತದೆ. ಈ ನಿತ್ಯದ ವಿಸ್ಮಯದ ಹಿಂದೆ ವಯಸ್ಕರ ದೇಹದಲ್ಲಿಯೂ ಉಳಿದುಕೊಂಡಿರುವ ಕಾಂಡಕೋಶಗಳಿವೆ. ಅವು ತಮ್ಮ ಸಂಖ್ಯೆಯನ್ನು ತಾವೇ ಹೆಚ್ಚಿಸಿಕೊಳ್ಳಬಲ್ಲವು. ಆಯಾ ಅಂಗಾಂಶಕ್ಕೆ ಬೇಕಾದ ಕೋಶಗಳಾಗಿ ಮಾರ್ಪಡಬಲ್ಲವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ಅಸ್ಥಿಮಜ್ಜೆಯ ಕಸಿ ನಡೆದಂದಿನಿಂದ ನಮ್ಮ ದೇಶದ ವೈದ್ಯರು ಈ ಶಕ್ತಿಯನ್ನು ರಕ್ತದ ರೋಗಗಳಿಗೆ ಬಳಸುತ್ತ ಬಂದಿದ್ದಾರೆ.

ನನ್ನನ್ನು ಈ ವಿಷಯದತ್ತ ಎಳೆದದ್ದು ಬೀಡಿ. ಸೊಲ್ಲಾಪುರದಲ್ಲಿ ಸಾವಿರಾರು ತಾಯಂದಿರು ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಾರೆ. ಅಕ್ಕಲಕೋಟೆ ತಾಲೂಕಿನಲ್ಲಿ ಒಕ್ಕಲುತನ ಮಾಡುತ್ತಿದ್ದ ನನ್ನ ಸೋದರಮಾವ ಹರೆಯದಿಂದಲೇ ಬೀಡಿ ಸೇದಿದವರು. ನಲವತ್ತು ತುಂಬುವ ಮೊದಲೇ ಅವರ ಕಾಲ್ಬೆರಳುಗಳು ಕಪ್ಪಿಟ್ಟವು. ನೋವು ತಾಳಲಾರದೆ ರಾತ್ರಿಯಿಡೀ ಕಾಲು ಇಳಿಬಿಟ್ಟು ಕುಳಿತಿರುತ್ತಿದ್ದರು. ಅದು ಬರ್ಗರ್ ರೋಗ. 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಈ ವ್ಯಾಧಿಯಲ್ಲಿ ಕೈಕಾಲುಗಳ ರಕ್ತನಾಳಗಳು ಉರಿಯೂತಕ್ಕೊಳಗಾಗಿ, ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಅದರ ಬೇರು ತಂಬಾಕು. “ಬೆರಳು ಹೋದ್ರ ಹೋಗಲಿ, ಕಾಲರೆ ಉಳೀತೈತೇನ್ರಿ ಸಾಹೇಬ್ರ?” ಎಂದು ಮಾಮಾ ಕೇಳಿದ್ದರು. ಎರಡು ಬೆರಳು ಹೋದವು. ಬೀಡಿ ಬಿಟ್ಟರು, ಕಾಲು ಉಳಿಯಿತು.

ಮುಂದೆ, 2016ರಲ್ಲಿ, ಇದೇ ರೋಗಕ್ಕಾಗಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಸಿದ್ಧಪಡಿಸಿದ ಕೋಶೌಷಧಕ್ಕೆ ಭಾರತದ ಔಷಧ ನಿಯಂತ್ರಕರ ಸೀಮಿತ ಅನುಮತಿ ದೊರೆಯಿತು. ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಪಡೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ರೋಗಿಯ ಮೀನಖಂಡಕ್ಕೆ ಚುಚ್ಚುತ್ತಾರೆ. ಅವು ಸ್ರವಿಸುವ ದ್ರವ್ಯಗಳು ಉರಿಯೂತವನ್ನು ತಗ್ಗಿಸಿ, ಹೊಸ ಕಿರುನಾಳಗಳು ಚಿಗುರಲು ನೆರವಾಗುತ್ತವೆ. ಸಿದ್ಧರಾಮರು ಕೆರೆ ಕಟ್ಟಿಸಿದ ಈ ನೆಲದವರಿಗೆ ಇದು ಸುಲಭವಾಗಿ ತಿಳಿದೀತು: ಹೂಳು ತುಂಬಿದ ಕಾಲುವೆಯ ಪಕ್ಕದಲ್ಲಿ ಹೊಸ ಕಾಲುವೆ ತೋಡಿ ಹೊಲಕ್ಕೆ ನೀರು ಹಾಯಿಸಿದಂತೆ.

ಆದರೆ ಹೋದ ಬೆರಳು ಮರಳಿ ಬಾರದು. ಬೀಡಿ ಬಿಡದವನನ್ನು ಯಾವ ಕೋಶವೂ ಕಾಯಲಾರದು. ಮೊಣಕಾಲು, ಬೆನ್ನುಹುರಿ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಸ್ಟೆಮ್ ಸೆಲ್ಲೇ ಮದ್ದೆನ್ನುವ ಜಾಹೀರಾತುಗಳನ್ನು ನಂಬಿ ಹೊಲ ಮಾರುವ ಮುನ್ನ, ‘ಈ ರೋಗಕ್ಕೆ ಈ ಚಿಕಿತ್ಸೆಗೆ ಅನುಮತಿ ಇದೆಯೇ?’ ಎಂದು ಕೇಳಬೇಕು. ಸಾಬೀತಾಗದ ಚಿಕಿತ್ಸೆಯು ಅನುಮೋದಿತ ಪ್ರಯೋಗಗಳ ಹೊರಗೆ ಸಲ್ಲದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಮಾಮಾನ ಆಸ್ಪತ್ರೆಯ ಕಾಗದಗಳು ಇಂಗ್ಲಿಷಿನಲ್ಲಿದ್ದವು, ಮಾತು ಮರಾಠಿಯಲ್ಲಿತ್ತು. ಅವರ ನೋವು ಮಾತ್ರ ಕನ್ನಡದಲ್ಲಿತ್ತು. ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಾದ ನಾವು ಕಾವ್ಯದ ಜೊತೆಗೆ ಇಂಥ ತಿಳಿವನ್ನೂ ನಮ್ಮವರ ಮಾತಿನಲ್ಲಿ ಮನೆಮನೆಗೆ ಮುಟ್ಟಿಸಬೇಕಾಗಿದೆ.