ಮುಖಪುಟಕ್ಕೆ ಯಾರ ಮುಖ?

ರಾಕ್ ಸಂಗೀತದ ಪತ್ರಿಕೆಯ ಮುಖಪುಟ ಹೇಗಿರುತ್ತದೆಂದು ಕಣ್ಣು ಮುಚ್ಚಿ ಹೇಳಬಹುದು. ಕಪ್ಪು ಹಿನ್ನೆಲೆ, ಗಿಟಾರು, ಬೆವರಿದ ಮುಖ, ಕಣ್ಣಿಗಿಳಿದ ಕೂದಲು, ಮೇಲೆ ಗೀಚಿದಂಥ ಅಕ್ಷರಗಳಲ್ಲಿ ಹೆಸರು. 'ಆಲ್ಟರ್ನೇಟಿವ್' ಎಂದರೆ ಮಾರುಕಟ್ಟೆಯ ಹಾಡಿಗೆ ಬೆನ್ನು ತಿರುಗಿಸಿದ್ದು. ಆದರೆ ಅದರ ಮುಖಪುಟಗಳೂ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳಂತಾಗಿವೆ.

ಎರಡು ವರ್ಷದ ಹಿಂದೆ ಗೆಳೆಯರು ಕನ್ನಡದಲ್ಲೇ ಇಂಥದೊಂದು ಪತ್ರಿಕೆ ತರಲು ಹೊರಟಾಗ ಮೊದಲ ಸಂಚಿಕೆಯ ಮುಖಪುಟ ನನ್ನ ಪಾಲಿಗೆ ಬಂತು. ನಾನು ಬೈಲಹೊಂಗಲದವನು, ಸಣ್ಣಾಟಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಕೋರೆಲ್‌ಡ್ರಾ ಕಲಿತದ್ದು ಊರಿನ ಫ್ಲೆಕ್ಸ್ ಅಂಗಡಿಯಲ್ಲಿ ಕೂತು. "ನಮ್ಮ ಕಡೀದು ಏನಾರ ಇರಲಿ" ಎಂದಷ್ಟೇ ಹೇಳಿದರು.

ನಮ್ಮ ಕಡೆಯ ಊರುಗಳಿಗೂ ರಾಕ್‌ಗೂ ಏನು ನಂಟು ಎಂದು ನಗುವವರಿದ್ದಾರೆ. 1993ರಲ್ಲಿ ಅಮಿತ್ ಸೈಗಲ್ 'ರಾಕ್ ಸ್ಟ್ರೀಟ್ ಜರ್ನಲ್' ಶುರು ಮಾಡಿದ್ದು ಮುಂಬೈಯಲ್ಲಲ್ಲ, ಅಲಹಾಬಾದಿನಲ್ಲಿ. ರಘು ದೀಕ್ಷಿತರ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದವಿದೆ. ದಾರಿ ಆಗಲೇ ತೆರೆದಿತ್ತು.

ಮೊದಲು ನೆನಪಾದದ್ದು ಕಿತ್ತೂರು. ಆದರೆ ಕತ್ತಿ ಹಿಡಿದ ಚೆನ್ನಮ್ಮ ಈಗಾಗಲೇ ಕ್ಯಾಲೆಂಡರು, ಬ್ಯಾನರು, ಸರ್ಕಲ್ಲುಗಳಲ್ಲೆಲ್ಲ ಇದ್ದಾಳೆ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣ ಬಿಟ್ಟ ಆ ಹೆಂಗಸನ್ನು ಗಿಟಾರಿನ ಪಕ್ಕ ನಿಲ್ಲಿಸಲು ಮನಸ್ಸಾಗಲಿಲ್ಲ. ಆಮೇಲೆ ನಮ್ಮೂರಲ್ಲೇ ನಡೆದದ್ದೆಂದು ಜನ ಹೇಳುವ 'ಸಂಗ್ಯಾ ಬಾಳ್ಯಾ'. ಗೆಳೆತನ, ಮೋಹ, ದ್ರೋಹ, ಕೊಲೆ, ರಾತ್ರಿಯಿಡೀ ಹಾಡು. ರಾಕ್‌ಗೆ ಇನ್ನೇನು ಬೇಕು? ಆದರೆ ಎರಡು ಆಕೃತಿ ಬರೆದ ಕೂಡಲೇ ಅದು ನಾಟಕದ ಕರಪತ್ರವಾಯಿತು.

ಉಳಿದದ್ದು ಸವದತ್ತಿ. ಯಲ್ಲಮ್ಮನ ಗುಡ್ಡದಲ್ಲಿ ಜೋಗಮ್ಮಂದಿರು ಚೌಡಿಕೆ ಮೀಟಿ ಹಾಡುವುದನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾದೀತು. ಚರ್ಮ ಹೊದಿಸಿದ ಕಟ್ಟಿಗೆಯ ಕೊಳಗ, ಒಂದೇ ತಂತಿ. ಕಂಕುಳಲ್ಲಿ ಅವುಚಿ ಮೀಟಿದರೆ ಶ್ರುತಿಯೂ ಅದೇ, ತಾಳವೂ ಅದೇ. ಬೇಸ್ ಗಿಟಾರು, ಡ್ರಮ್ಮು ಎರಡರ ಕೆಲಸವನ್ನೂ ಒಂದೇ ವಾದ್ಯ ಮಾಡುತ್ತದೆ. ಗುರ್ ಎನ್ನುವ ಆ ಒರಟು ನಾದಕ್ಕಾಗಿಯೇ ಗಿಟಾರಿನವರು ಕಾಲಡಿ ಪೆಡಲ್ ಇಟ್ಟುಕೊಳ್ಳುತ್ತಾರೆ.

ಭಂಡಾರ ಬಳಿದ ಹಣೆ, ಕೊರಳಲ್ಲಿ ಕವಡೆ ಸರ, ಎದೆಗವುಚಿದ ಚೌಡಿಕೆ. ಮುಖಪುಟ ಸಿಕ್ಕಿಬಿಟ್ಟಿತು ಅನ್ನಿಸುವಂತಿತ್ತು. ಅರವತ್ತು ದಾಟಿದ ಒಬ್ಬರನ್ನು ಕೇಳಿದೆ: "ಯವ್ವಾ, ಒಂದು ಫೋಟೊ ತಗೀಲೇನ್ರಿ?"

"ತಕ್ಕೊ ತಮ್ಮಾ. ಎಲ್ಲಿ ಹಚ್ಚಾಂವ?"

ಹಾಡಿನ ಪತ್ರಿಕೆ, ಮೇಲಿನ ಪುಟಕ್ಕೆ ಎಂದೆ. ಅವರು ಚೌಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ಹಾಡಿನ ಪುಸ್ತಕಕ್ಕ ಹಾಡಿನ ಸಾಮಾನು ಹಾಕು. ನನ್ನ ಮಾರಿ ಯಾಕ? ಮಾರಿ ನೋಡಿದವ್ರು ಹಾಡ ಕೇಳೂದಿಲ್ಲ."

ಮುತ್ತು ಕಟ್ಟುವುದನ್ನು ಕರ್ನಾಟಕ 1982ರಲ್ಲೇ ಕಾನೂನು ಮಾಡಿ ನಿಷೇಧಿಸಿತು. ಆದರೆ ಈ ಮುಖಗಳನ್ನು ಮರುಕಕ್ಕೋ ಕುತೂಹಲಕ್ಕೋ ಚಿತ್ರವಾಗಿ ಹಚ್ಚುವುದು ನಿಂತಿಲ್ಲ. ಕ್ಯಾಮೆರಾ ಹಿಡಿದವನಿಗೆ ಅದು ಒಂದು ಕ್ಲಿಕ್ಕು, ಹೊತ್ತವರಿಗೆ ಇಡೀ ಬದುಕು. ಆಲ್ಟರ್ನೇಟಿವ್ ರಾಕ್‌ನ ಅತಿ ಪ್ರಸಿದ್ಧ ಹೊದಿಕೆಯನ್ನೇ ನೋಡಿ: 1991ರ ನಿರ್ವಾಣದ 'ನೆವರ್‌ಮೈಂಡ್'. ಅದರಲ್ಲಿ ನೀರೊಳಗೆ ಈಜುವ ಬತ್ತಲೆ ಮಗು ದೊಡ್ಡವನಾಗಿ 2021ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ. ಮಗುವನ್ನು ಯಾರೂ ಕೇಳಿರಲಿಲ್ಲ. ಕೇಳಲು ಬರುತ್ತಲೂ ಇರಲಿಲ್ಲ. ನನ್ನೆದುರು ಕೂತವರು ಸ್ಪಷ್ಟವಾಗಿ ಉತ್ತರ ಕೊಟ್ಟಿದ್ದರು.

ಹಾಗಾಗಿ ಮುಖಪುಟದಲ್ಲಿ ಮುಖವಿಲ್ಲ. ಇಡೀ ಪುಟ ಭಂಡಾರದ ಹಳದಿ. ಕಂಪ್ಯೂಟರಿನಲ್ಲಿ ಹೊಳೆಯುವ ಎಷ್ಟೋ ಬಣ್ಣಗಳು ಅಚ್ಚಿನಲ್ಲಿ ಮಂಕಾಗುತ್ತವೆ. ಹಳದಿಗೆ ಆ ಭಯ ಕಡಿಮೆ, ಅದು ಅಚ್ಚಿನ ನಾಲ್ಕು ಮೂಲ ಶಾಯಿಗಳಲ್ಲೇ ಒಂದು. ಕೆಳಗೆ ಚೌಡಿಕೆಯ ಕಪ್ಪು ಕೊಳಗ, ಅಲ್ಲಿಂದ ತುದಿಯವರೆಗೆ ನೆಟ್ಟಗೆ ಏರುವ ಒಂದು ಗೆರೆ. ಆ ಗೆರೆ ಎಷ್ಟು ಸಣ್ಣಗಿರಬೇಕೆಂದು ತೋರಿಸಿಕೊಟ್ಟವನು ರಾಮದುರ್ಗದ ನೇಕಾರರ ಮನೆಯ ಗೆಳೆಯ: "ಹಾಸಿನ ಎಳಿ ಹಂಗ ಇರಲಿ. ದಪ್ಪ ಮಾಡಿದರ ಹಗ್ಗ ಆಕ್ಕೈತಿ." ಪತ್ರಿಕೆಯ ಹೆಸರಿಗೆ ಮೇಲೆ ಜಾಗ ಹೆಚ್ಚೇ ಬಿಡಬೇಕಾಯಿತು. ಇಂಗ್ಲಿಷಿನ ದೊಡ್ಡಕ್ಷರಗಳಂತೆ ಕನ್ನಡ ಒಂದೇ ಸಾಲಿನೊಳಗೆ ಕೂರುವುದಿಲ್ಲ. ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಬೇಕು.

ಮುಖವಿಲ್ಲದ ಪುಟ ಅಂಗಡಿಯಲ್ಲಿ ಯಾರನ್ನೂ ಕರೆಯುವುದಿಲ್ಲ ಎಂದು ಒಬ್ಬ ಗೆಳೆಯ ಕೊನೆಯವರೆಗೂ ವಾದಿಸಿದ. ಅವನ ಮಾತಿನಲ್ಲೂ ಹುರುಳಿತ್ತು. ಹಾಕಿಸಿದ 200 ಪ್ರತಿ ಖರ್ಚಾಗಲು ಒಂಬತ್ತು ತಿಂಗಳು ಹಿಡಿಯಿತು.

ಒಳಗಿನ ಮೂರನೆಯ ಪುಟದಲ್ಲಿ, ಬ್ಯಾಂಡುಗಳ ಹೆಸರುಗಳ ಸಾಲಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅವರ ಹೆಸರಿದೆ: ಹಾಡು ಮತ್ತು ಚೌಡಿಕೆ. ಅದನ್ನು ಮಾತ್ರ ಅವರೇ ಕೇಳಿ ಬರೆಸಿದ್ದರು.