ಕಿವಿ ಹಿಂಡುವ ಕೆಲಸ

ಸ್ಟಾಫ್ ರೂಮಿನಲ್ಲಿ ಯಾರಾದರೂ "ನಿಮ್ಮ ಮಗಳು ಬೆಂಗಳೂರಿನಲ್ಲಿ ಏನು ಮಾಡುತ್ತಾಳೆ?" ಎಂದು ಕೇಳಿದರೆ "ಇಂಜಿನಿಯರು" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ವರ್ಷಗಟ್ಟಲೆ ಕದಂಬರು, ಚಾಲುಕ್ಯರು ಎಂದು ಪಾಠ ಹೇಳಿದವಳಿಗೆ ಚಿಪ್ಪಿನ ವಿಚಾರ ಎಲ್ಲಿಂದ ತಿಳಿಯಬೇಕು? ಒಮ್ಮೆ ಅವಳನ್ನೇ ಕೇಳಿದೆ. "ನಿಂದೇ ಕೆಲಸ ಕಣಮ್ಮ, ಕಿವಿ ಹಿಂಡೋದು. ನೀನು ಮಕ್ಕಳ ಕಿವಿ ಹಿಂಡ್ತಿದ್ದೆ, ನಾನು ಚಿಪ್ಪಿನ ಕಿವಿ ಹಿಂಡ್ತೀನಿ" ಎಂದು ನಕ್ಕಳು. ತಮಾಷೆ ಎಂದುಕೊಂಡು ನಾನೂ ನಕ್ಕೆ.

ಕಳೆದ ದಸರಾ ರಜೆಗೆ ಅವಳ ಮನೆಗೆ ಹೋದಾಗ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನೂ ಹೊತ್ತುಕೊಂಡು ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಅದೇ ಊಟದ ಮೇಜಿನ ಒಂದು ಕಡೆ ನಾನು ಕೆಂಪು ಪೆನ್ನು ಹಿಡಿದು ಕೂತೆ, ಎದುರಿಗೆ ಅವಳು ಲ್ಯಾಪ್‌ಟಾಪ್ ತೆರೆದು ಕೂತಳು. ಬೋರ್ಡು ಇದ್ದದ್ದು ಆಫೀಸಿನ ಲ್ಯಾಬಿನಲ್ಲಿ. ಇವಳು ಮನೆಯಿಂದಲೇ ಅದರೊಳಗಿನ ಅಂಕಿಗಳನ್ನು ಬದಲಾಯಿಸುತ್ತಿದ್ದಳು. ನಡುನಡುವೆ ನಿಟ್ಟುಸಿರು.

"ಏನಾಯ್ತೆ ಪುಟ್ಟಿ?" ಎಂದೆ.

"ನಾಲ್ಕು ಚಾನೆಲ್ ಇದೆ. ಮೂರನೇದು ಮಾತ್ರ ಹೇಳಿದ್ದನ್ನ ತಪ್ಪುತಪ್ಪಾಗಿ ಕೇಳಿಸ್ಕೊಳ್ತಿದೆ."

ಹಾಗೆಂದರೇನು ಎಂದು ನಾನು ಬಿಡದೆ ಕೇಳಿದೆ. ಅವಳೂ ಬೇಸರಿಸದೆ ಹೇಳಿದಳು. ಆ ಚಿಪ್ಪಿನಲ್ಲಿ ನಾಲ್ಕು ಜೋಡಿ ಬಾಯಿ-ಕಿವಿ ಇವೆಯಂತೆ. ಒಂದೊಂದು ಬಾಯಿಯೂ ಸೆಕೆಂಡಿಗೆ 500 ಕೋಟಿ ಬಿಟ್‌ಗಳನ್ನು, ಅಂದರೆ ಬರೀ ಸೊನ್ನೆ ಮತ್ತು ಒಂದುಗಳನ್ನು, ಸಾಲಾಗಿ ಕಳಿಸುತ್ತದೆ. ಬೋರ್ಡಿನ ತಾಮ್ರದ ಗೆರೆಯ ಮೇಲೆ ಓಡುವಾಗ ಒಂದು ಬಿಟ್ ಹಿಡಿಯುವ ಜಾಗ ಸುಮಾರು ಮೂರು ಸೆಂಟಿಮೀಟರ್. ನನ್ನ ಎರಡು ಬೆರಳಿನ ಅಗಲ! ಒಂದಡಿ ಉದ್ದದ ಗೆರೆಯಲ್ಲಿ ಒಂದರ ಹಿಂದೆ ಒಂದು ಹತ್ತು ಬಿಟ್‌ಗಳು ಪ್ರಾರ್ಥನೆಗೆ ಹೊರಟ ಮಕ್ಕಳಂತೆ ಓಡುತ್ತಿರುತ್ತವೆ.

ತೊಂದರೆ ಇರುವುದು ದಾರಿಯಲ್ಲಿ. ತಾಮ್ರವೂ ಬೋರ್ಡಿನ ಪದಾರ್ಥವೂ ನಿಧಾನದ ಏರಿಳಿತವನ್ನು ಹೇಗೋ ದಾಟಿಸುತ್ತವೆ, ಆದರೆ ಚುರುಕಾದ ಏರಿಳಿತವನ್ನು ನುಂಗಿಬಿಡುತ್ತವೆ. ಸಾಲಾಗಿ ನಾಲ್ಕು 'ಒಂದು' ಬಂದರೆ ಪೂರ್ತಿ ಎತ್ತರಕ್ಕೆ ಏರುತ್ತದೆ. ಸೊನ್ನೆಗಳ ನಡುವೆ ಒಂಟಿಯಾಗಿ ಬಂದ 'ಒಂದು' ಮಾತ್ರ ಪಾಪ, ತಲೆ ಎತ್ತುವಷ್ಟರಲ್ಲಿ ಕುಸಿಯುತ್ತದೆ. ಅದರ ಬಾಲ ಮುಂದಿನ ಬಿಟ್‌ನ ಮೇಲೂ ಬಿದ್ದು ಅದನ್ನೂ ಕೆಡಿಸುತ್ತದೆ. ಬಂದದ್ದನ್ನೆಲ್ಲ ಒಂದರ ಮೇಲೊಂದು ಇಟ್ಟು ತೆಗೆದ ಚಿತ್ರವನ್ನು ತೋರಿಸಿದಳು. ಎಲ್ಲ ಸ್ಪಷ್ಟವಾಗಿದ್ದರೆ ನಡುವೆ ಕಣ್ಣಿನ ಆಕಾರದ ಖಾಲಿ ಜಾಗ ಉಳಿಯುತ್ತದೆ. ಅದಕ್ಕೆ 'ಐ ಡಯಾಗ್ರಾಂ' ಎಂದೇ ಹೆಸರು. ಮೂರನೆಯ ಚಾನೆಲ್ಲಿನ ಕಣ್ಣು ತೂಕಡಿಸುವವರ ಕಣ್ಣಿನಂತೆ ಮುಚ್ಚಿಕೊಂಡಿತ್ತು.

"ಆ ಕಡೆಯಿಂದ ಸ್ವಲ್ಪ ಗಟ್ಟಿಯಾಗಿ ಹೇಳು ಅನ್ನು" ಎಂದೆ. ಮೇಷ್ಟರಮ್ಮನಿಗೆ ಇನ್ನೇನು ಹೊಳೆದೀತು?

"ಗಟ್ಟಿಯಾಗಿ ಕೂಗಿದ್ರೆ ಪಕ್ಕದ ಚಾನೆಲ್‌ಗೆ ತೊಂದ್ರೆ ಅಮ್ಮ, ಅದಕ್ಕೆ ಇದರ ಗದ್ದಲವೇ ಕೇಳ್ಸತ್ತೆ. ಅಲ್ದೆ ಕೂಗಿದ್ರೆ ಎಲ್ಲಾನೂ ಜಾಸ್ತಿಯಾಗತ್ತೆ. ಸವೆದು ಹೋಗಿರೋದು ಚುರುಕು ಭಾಗ ಮಾತ್ರ. ಅದಷ್ಟನ್ನೇ ಎತ್ತಿ ಕೇಳೋ ಹಾಗೆ ಕಿವೀನ ಸರಿ ಮಾಡ್ಬೇಕು."

ಹಾಗೆ ಎತ್ತುವ ಭಾಗಕ್ಕೆ ಈಕ್ವಲೈಸರ್ ಎನ್ನುತ್ತಾರಂತೆ. ಎಷ್ಟು ಎತ್ತಬೇಕೆಂದು ಒಂದು ಅಂಕಿ ಕೊಡಬೇಕು. ಕಡಿಮೆಯಾದರೆ ಕಣ್ಣು ತೆರೆಯದು. ಹೆಚ್ಚಾದರೆ ಗದ್ದಲವೂ ಎದ್ದು ಬಂದು ತೆರೆದ ಕಣ್ಣು ಮತ್ತೆ ಮುಚ್ಚುತ್ತದೆ. ಒಂದು ಚಾನೆಲ್ಲಿಗೆ ಹೊಂದಿದ ಅಂಕಿ ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ, ಏಕೆಂದರೆ ಪ್ರತಿಯೊಂದರ ದಾರಿಯ ಉದ್ದವೇ ಬೇರೆ. ಇಲ್ಲಿ ಆದದ್ದೂ ಅದೇ. ಯಾರೋ ಮೊದಲ ಚಾನೆಲ್ಲಿನ ಅಂಕಿಯನ್ನೇ ನಾಲ್ಕಕ್ಕೂ ಬರೆದುಬಿಟ್ಟಿದ್ದರು. ಮೂರನೆಯದರ ದಾರಿ ಎಲ್ಲಕ್ಕಿಂತ ಉದ್ದ. ಎರಡನೆಯದರಲ್ಲಿ ಜೋಡಿ ತಂತಿಗಳೇ ಅದಲುಬದಲಾಗಿ ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ ಬರುತ್ತಿತ್ತಂತೆ. ಅದಕ್ಕೂ ಬೋರ್ಡು ಕೀಳಬೇಕಾಗಿಲ್ಲ, ಕೇಳುವ ಕಡೆ ಒಂದು ಸೆಟ್ಟಿಂಗು ಬದಲಿಸಿ 'ತಿರುಗಿಸಿ ಓದಿಕೋ' ಎಂದರೆ ಸಾಕು.

ಇನ್ನೊಂದು ವಿಚಾರ ಕೇಳಿ ಬೆರಗಾದೆ. ಬಿಟ್ ಯಾವಾಗ ಶುರು, ಯಾವಾಗ ಮುಗಿಯಿತು ಎಂದು ಹೇಳುವ ತಾಳವನ್ನು ಬೇರೆ ತಂತಿಯಲ್ಲಿ ಕಳಿಸುವುದೇ ಇಲ್ಲ. ಬರುವ ಏರಿಳಿತದಿಂದಲೇ ಕೇಳುವವನು ತಾಳ ಹಿಡಿಯಬೇಕು. ತುಂಬ ಹೊತ್ತು ಒಂದೇ ಸಮ ಬಂದರೆ ತಾಳ ತಪ್ಪುತ್ತದೆ. ಅದಕ್ಕೆಂದೇ 1983ರಲ್ಲಿ ಐಬಿಎಂನ ಇಬ್ಬರು ಒಂದು ಸಂಕೇತವನ್ನು ಪ್ರಕಟಿಸಿದರು. ಎಂಟು ಬಿಟ್‌ಗಳನ್ನು ಹತ್ತಾಗಿ ಮಾಡಿ ಕಳಿಸಿದರೆ ಒಂದೇ ಬಗೆಯವು ಐದಕ್ಕಿಂತ ಹೆಚ್ಚು ಸಾಲಾಗಿ ಬರುವುದೇ ಇಲ್ಲ. ಕೇಳುವವರಿಗಾಗಿ ಹೇಳುವವರು ಹೊರುವ ಭಾರ ಅಷ್ಟು, ಉಳಿದದ್ದೆಲ್ಲ ಕೇಳುವವರದ್ದೇ.

ಮೂರನೆಯದರ ಅಂಕಿಯನ್ನು ಒಂದೊಂದಾಗಿ ಏರಿಸುತ್ತ ಹೋದಂತೆ ಕಣ್ಣು ತೆರೆಯಿತು. ನಂತರ ನಮ್ಮ ಉಕ್ತಲೇಖನದಂಥ ಒಂದು ಪರೀಕ್ಷೆ. ಮೊದಲೇ ಗೊತ್ತಿರುವ ಸಾಲನ್ನು ಕಳಿಸಿ ತಪ್ಪುಗಳನ್ನು ಎಣಿಸುವುದು. ಲಕ್ಷ ಕೋಟಿ ಬಿಟ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ತಪ್ಪು ಇರಕೂಡದು. ಆ ಬಗ್ಗೆ ಭರವಸೆ ಬರಬೇಕಾದರೆ ಒಂದೂ ತಪ್ಪಿಲ್ಲದೆ ಹತ್ತು ನಿಮಿಷ ಓಡಬೇಕು.

ಪರೀಕ್ಷೆಗೆ ಬಿಟ್ಟು ಅವಳು ಒಳಗೆದ್ದು ಹೋದಳು. ಕೋಣೆಯಿಂದ ಏನೋ ಕೇಳಿದಳು. ನಾನು "ಹಾಲು ಬೇಡ, ಮಜ್ಜಿಗೆ ಕುಡಿದಿದ್ದೀನಿ" ಎಂದೆ. ಬಾಗಿಲಿಗೆ ಬಂದು ನಿಂತಳು.

"ಹಾಸಿಗೆ ಹಾಕ್ಲಾ ಅಂದೆ ಅಮ್ಮ."

"ಗಟ್ಟಿಯಾಗಿ ಹೇಳಬಾರದೇನೆ?"

"ಗಟ್ಟಿಯಾಗೇ ಹೇಳ್ದೆ" ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದಳು.

ನಾನು ಉತ್ತರ ಕೊಡದೆ ತಿದ್ದಿ ಮುಗಿಸಿದ್ದ ಕಟ್ಟಿನಿಂದ ಒಂದು ಉತ್ತರಪತ್ರಿಕೆಯನ್ನು ಹೊರಗೆಳೆದೆ. ಕೊನೆಯ ಬೆಂಚಿನ ಹುಡುಗಿಯದು. ಮೆದು ದನಿಯ ಮಗು. ಆಗಸ್ಟಿನಲ್ಲಿ ಒಂದು ದಿನ "ಕದಂಬರ ರಾಜಧಾನಿ ಯಾವುದು?" ಎಂದು ಅವಳನ್ನು ಕೇಳಿದ್ದೆ. ಅವಳು ಹೇಳಿದ್ದು ನನಗೆ 'ಬಾದಾಮಿ' ಎಂದು ಕೇಳಿಸಿತ್ತು. "ಬಾದಾಮಿ ಚಾಲುಕ್ಯರದ್ದು ಕಣೆ! ನಿನ್ನೆ ತಾನೆ ಹೇಳಿದ್ದೆ, ಮನಸ್ಸು ಎಲ್ಲಿಟ್ಟಿದ್ದೆ?" ಎಂದು ಗದರಿದೆ. ತರಗತಿ ನಕ್ಕಿತು. ಅವಳು ಏನೋ ಹೇಳಲು ತುಟಿ ಅಲುಗಿಸಿದಳು. "ಎದುರುತ್ತರ ಬೇಡ, ಕೂತ್ಕೊ" ಎಂದೆ. ಅಂದಿನಿಂದ ಅವಳು ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಉತ್ತರಪತ್ರಿಕೆಯಲ್ಲಿ ದುಂಡಗೆ 'ಬನವಾಸಿ' ಎಂದು ಬರೆದಿದ್ದಳು. ಒಂದು ಗಂಟೆಯ ಹಿಂದೆ ಅದಕ್ಕೆ ಅಂಕ ಕೊಡುವಾಗ, ಗದರಿಸಿದ್ದರಿಂದ ಕಲಿತಳು ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ!

ಬನವಾಸಿ, ಬಾದಾಮಿ. ಮೊದಲಿನ ಬಕಾರ ಬಂದಿತ್ತು, ಕೊನೆಯ ಇಕಾರ ಬಂದಿತ್ತು. ನಡುವಿನ ವ್ಯಂಜನಗಳು ದಾರಿಯಲ್ಲೇ ಸವೆದಿದ್ದವು. ಖಾಲಿ ಉಳಿದದ್ದನ್ನು ನಾನೇ ತುಂಬಿಕೊಂಡು ಮಗುವಿನ ಮೇಲೆ ಹೊರಿಸಿದ್ದೆ.

ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷ ಮುಗಿದು ಸೊನ್ನೆ ತಪ್ಪು ಎಂದು ಬಂದಿತ್ತು. ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ.

ರಜೆ ಮುಗಿಯುವ ಮೊದಲೇ ಮಗಳು ನನ್ನನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ನಾದ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿ ಎಂದರು. ನಕ್ಷೆಯಲ್ಲಿ ನನ್ನ ಗೆರೆ ಎಡಗಡೆ ನೆಟ್ಟಗಿದ್ದು ಬಲಕ್ಕೆ ಹೋಗುತ್ತ ಜಾರುಬಂಡೆಯಂತೆ ಇಳಿದಿತ್ತು. ಮೇಲಿನ ಸ್ಥಾಯಿಯಲ್ಲಿರುವ ಸಕಾರ, ಶಕಾರ, ತಕಾರಗಳೇ ಮೊದಲು ಹೋಗುತ್ತವಂತೆ. ಶ್ರವಣ ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ ತಜ್ಞೆ ಎಡಕ್ಕೊಂದು, ಬಲಕ್ಕೊಂದು ಅಂಕಿ ಕೊಡುವಾಗ ಮಗಳು ನನ್ನ ಕಡೆ ನೋಡಿದಳು. ನಗಲಿಲ್ಲ. ಮೊದಲ ದಿನ ಸ್ಟೀಲಿನ ಲೋಟ ಇಟ್ಟರೂ ಗುಡುಗಿದಂತಾಯಿತು. ಮತ್ತೆ ಹೋಗಿ ಸ್ವಲ್ಪ ಇಳಿಸಿಕೊಂಡು ಬಂದೆ.

ನನ್ನ ಮನಸ್ಸನ್ನು ಕೊರೆದದ್ದು ಕಿವಿಗಿಂತ ಹೆಚ್ಚಾಗಿ 'ಗಟ್ಟಿಯಾಗಿ ಹೇಳು' ಎಂಬ ಮಾತು. ಎಷ್ಟು ವರ್ಷ, ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಅವರಲ್ಲಿ ದೂರದ ದಾರಿಯವರು ಎಷ್ಟು ಜನ ಸುಮ್ಮನಾದರೋ!

ಸಾಧನ ಹಾಕಿಕೊಂಡ ಮೊದಲ ವಾರದಲ್ಲೇ ಆ ಹುಡುಗಿಯನ್ನು ಎಬ್ಬಿಸಿ ಎಲ್ಲರ ಮುಂದೆಯೇ ಹೇಳಿದೆ: "ಅವತ್ತು ನೀನು ಸರಿಯಾಗಿಯೇ ಹೇಳಿದ್ದೆ. ನನಗೆ ಕೇಳಿಸಿರಲಿಲ್ಲ."

ಅವಳು ಬೆಂಚು ನೋಡುತ್ತ, ಎಂದಿನ ಮೆದು ದನಿಯಲ್ಲಿ, "ನಮಗೆ ಗೊತ್ತಿತ್ತು ಮಿಸ್" ಎಂದಳು.

ಕೊನೆಯ ಬೆಂಚಿನಿಂದ ಬಂದ ಆ ಮಾತು ಪೂರ್ತಿಯಾಗಿ ಕೇಳಿಸಿತು, 'ಮಿಸ್' ಎಂಬುದರ ಸಕಾರವೂ ಸೇರಿ.