ಮರಳಿಸಿದುದರ ಗಳಿಕೆ

1927ನೆಯ ಇಸವಿ ಆಗಸ್ಟ್ 2ರ ಬೆಳಗ್ಗೆ, ನ್ಯೂಯಾರ್ಕಿನ ಬೆಲ್ ಪ್ರಯೋಗಾಲಯಕ್ಕೆ ಹೊರಟಿದ್ದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರನು ಹಡ್ಸನ್ ನದಿಯನ್ನು ದಾಟಿಸುವ ದೋಣಿಯಲ್ಲಿ ಕುಳಿತು, ಕೈಯಲ್ಲಿದ್ದ ದಿನಪತ್ರಿಕೆಯ ಪುಟದ ಮೇಲೆಯೇ ಚಿತ್ರವೊಂದನ್ನು ಗೀಚಿದನು. ದೂರವಾಣಿಯ ಧ್ವನಿಯನ್ನು ಹಿಗ್ಗಿಸುವ ವರ್ಧಕಗಳು ಅದನ್ನು ವಿಕಾರಗೊಳಿಸುತ್ತಲೂ ಇದ್ದುವು. ಹಲವು ವರ್ಧಕಗಳನ್ನು ಹಾಯುವ ವೇಳೆಗೆ ಮಾತು ಮಾತಾಗಿ ಉಳಿಯುತ್ತಿರಲಿಲ್ಲ. ಹೊರಬಂದ ಸಂಕೇತದ ಒಂದಂಶವನ್ನು ವಿರುದ್ಧವಾಗಿ ಒಳಕ್ಕೇ ಮರಳಿಸಬೇಕೆಂಬುದು ಅವನ ಯುಕ್ತಿ. ಇದರಿಂದ ವರ್ಧನೆ ಕುಗ್ಗುವುದು. ಗಳಿಸಿದ್ದನ್ನು ಕೈಯಾರೆ ಕಳೆಯುವುದೇ! ಬಲ್ಲವರೂ ನಂಬಲಿಲ್ಲ. 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟು ದೊರೆತದ್ದು 1937ರ ಡಿಸೆಂಬರಿನಲ್ಲಿ.

ಇಂದಿನ ಆಪರೇಷನಲ್ ಆಂಪ್ಲಿಫೈಯರುಗಳೂ ಆ ಯುಕ್ತಿಯನ್ನೇ ನಂಬಿ ನಡೆಯುತ್ತಿವೆ. ಒಂದು ಲಕ್ಷ ಪಟ್ಟು ಹಿಗ್ಗಿಸಬಲ್ಲ ವರ್ಧಕದ ಋಣದ್ವಾರಕ್ಕೆ ಬರುವ ದಾರಿಯಲ್ಲಿ 1,000 ಓಮ್, ಮರಳುದಾರಿಯಲ್ಲಿ 10,000 ಓಮ್ ರೋಧಕಗಳನ್ನು ಇರಿಸಿದರೆ ವರ್ಧನೆಯು 9.9989 ಪಟ್ಟಿಗೆ ನಿಲ್ಲುತ್ತದೆ. ವರ್ಧಕದ ಸ್ವಂತ ಶಕ್ತಿ ಅರ್ಧಕ್ಕಿಳಿದರೂ ಅದು 9.9978. ಲಕ್ಷದ ಚಂಚಲತೆಯನ್ನು ಎರಡು ಅಗ್ಗದ ರೋಧಕಗಳು ಆಳುತ್ತವೆ. 75 ಓಮ್ ಇದ್ದ ಹೊರಬಾಗಿಲ ರೋಧವೂ ಓಮಿನ ನೂರರಲ್ಲೊಂದಂಶಕ್ಕಿಂತ ಕೆಳಗಿಳಿಯುವುದು. ಒಳಬಾಗಿಲಿನಲ್ಲಿ ಸಂಕೇತಕ್ಕೆ ಎದುರಾಗುವ ರೋಧ ಮಾತ್ರ ಹೆಚ್ಚುಕಡಮೆ ಆ 1,000 ಓಮೇ. ದುರ್ಬಲವಾದ ಮೂಲವನ್ನು ಇದಕ್ಕೆ ಜೋಡಿಸಿದವರ ಲೆಕ್ಕ ತಪ್ಪುವುದು ಇಲ್ಲಿಯೇ.